ಎಕರೆಗೊಂದು ಎಲ್‌ಕೆಜಿ

ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಗಿಣಿಗೇರಾ–ಮೆಹಬೂಬನಗರ ಮಾರ್ಗದ ಹೆಸರು ಕೇಳುತ್ತಲೇ ಮೀಸೆ ಬಂದವರಿಗೆ, ರೈಲು ಬರುವ ಹೊತ್ತಿಗೆ ಆ ಮೀಸೆ ನೆರೆತಿತ್ತು. ಆದರೆ ಇಂಟರ್‌ನ್ಯಾಷನಲ್ ಶಾಲೆ ಮಾತ್ರ ಯಾರನ್ನೂ ಕಾಯಿಸಲಿಲ್ಲ. ಹಳಿ ಬೇಡ, ಸ್ಟೇಷನ್ ಬೇಡ, ರೈಲ್ವೆ ಸಚಿವರ ಹಸಿರು ಬಾವುಟವೂ ಬೇಡ. ಒಂದು ಫ್ಲೆಕ್ಸ್ ಸಾಕು, ಬಂದೇ ಬಿಟ್ಟಿತು.

ಏಪ್ರಿಲ್–ಮೇ ತಿಂಗಳಲ್ಲಿ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದು ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು ಅಂತ ಹೊರಡಿ. ಹೊಲದಲ್ಲಿ ಹಸಿರಿಲ್ಲ, ಹಳ್ಳದಲ್ಲಿ ನೀರಿಲ್ಲ, ಬೆಳೆದು ನಿಂತಿರುವುದು ಬೋರ್ಡುಗಳು ಮಾತ್ರ. ಒಂದರಲ್ಲಿ ಗ್ಲೋಬು, ಇನ್ನೊಂದರಲ್ಲಿ ರಾಕೆಟ್ಟು, ಮಗದೊಂದರಲ್ಲಿ ಕೋಟು–ಟೈ ಹಾಕಿಕೊಂಡು ನಗುತ್ತಿರುವ ಕೆಂಚು ಕೂದಲಿನ ಹುಡುಗ. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಕೋಟು ಹಾಕಿಯೂ ಬೆವರದ ಆ ಹುಡುಗ ಮಸ್ಕಿಯವನಲ್ಲ, ಜಾವಳಗೇರಾದವನಲ್ಲ, ಮುದಗಲ್ಲಿನವನಂತೂ ಅಲ್ಲವೇ ಅಲ್ಲ. ಶಾಲೆಗೆ ಇಂಟರ್‌ನ್ಯಾಷನಲ್ ಎನ್ನಲು ಇರುವ ಒಂದೇ ಒಂದು ಆಧಾರ ಅವನು. ದುರದೃಷ್ಟವಶಾತ್ ಅವನಿಗೆ ಅಲ್ಲಿ ಅಡ್ಮಿಷನ್ ಆಗಿಲ್ಲ.

ನಮ್ಮ ಭಾಗದ ರೈತ ದಡ್ಡನೆಂದು ಯಾರಾದರೂ ಅಂದರೆ ಅವರನ್ನು ಸಿಂಧನೂರಿನ ಯಾವುದಾದರೂ ಟ್ರ್ಯಾಕ್ಟರ್ ಶೋರೂಮಿಗೆ ಕರೆದುಕೊಂಡು ಹೋಗಿ ಕೂಡ್ರಿಸಬೇಕು. ಒಳಗೆ ಬಂದ ಗೌಡರು ಮೊದಲು ಚಹಾ ಕುಡಿಯುತ್ತಾರೆ, ಆಮೇಲೆ ವಿಚಾರಣೆ ಶುರು. ಎಷ್ಟು ಎಚ್‌ಪಿ? ತಾಸಿಗೆ ಎಷ್ಟು ಡೀಸೆಲ್ ಕುಡಿತದ? ಕೆಸರಿನಾಗ ಎಳಿತದೋ, ಕೂಡ್ತದೋ? ಪಾರ್ಟ್ಸ್ ಇಲ್ಲೇ ಸಿಗ್ತಾವೋ, ಹೈದರಾಬಾದಿನಿಂದ ತರಬೇಕೋ? ಐದು ವರ್ಷ ಬಿಟ್ಟು ಮಾರಿದರ ಎಷ್ಟಕ್ಕ ಹೋಗ್ತದ? ಬಾನೆಟ್ ಎತ್ತಿಸುತ್ತಾರೆ, ಚಾಸಿ ನಂಬರಿಗೆ ಬೆರಳಿಟ್ಟು ಓದಿಸುತ್ತಾರೆ, ಹಳ್ಳಿಯಲ್ಲಿ ಅದೇ ಗಾಡಿ ತಂದವನಿಗೆ ಅಲ್ಲಿಂದಲೇ ಫೋನು ಹಚ್ಚುತ್ತಾರೆ. ಕೊನೆಗೆ ಒಂದು ಗ್ರೀಸ್ ಗನ್ ಪುಕ್ಕಟೆ ಕೊಟ್ಟರಷ್ಟೇ ಸಹಿ.

ಅದೇ ಗೌಡರು ಮರುದಿನ ಮಗನ ಕೈ ಹಿಡಿದುಕೊಂಡು ಶಾಲೆಯ ಎಸಿ ರೂಮಿಗೆ ಬರುತ್ತಾರೆ. ಇಲ್ಲಿ ಚಹಾ ಇಲ್ಲ, ವಿಚಾರಣೆಯೂ ಇಲ್ಲ. ಗೌಡರು ಕುರ್ಚಿಯ ತುದಿಗೆ ಕೂತು ಎರಡೇ ಮಾತು ಕೇಳುತ್ತಾರೆ.

“ಫೀ ಎಷ್ಟ್ರೀ ಮೇಡಮ್?”

“ಮೂವತ್ತು ಸಾವಿರ ಸರ್.”

“ಅಷ್ಟೇ ಏನ್ರೀ?”

ಆ ‘ಅಷ್ಟೇ’ಯಲ್ಲಿ ಶಾಲೆಯ ಮಾನ ಹೋಗುತ್ತದೆ. ಮೂವತ್ತು ಸಾವಿರಕ್ಕೆ ಸಿಗುವುದು ಎಂಥ ಇಂಟರ್‌ನ್ಯಾಷನಲ್? ಆಚೆ ಕಡೆಯ ಶಾಲೆಯಲ್ಲಿ ಅರವತ್ತಂತೆ, ಹಾಗಿದ್ದರೆ ಅಲ್ಲಿ ಎರಡು ಪಟ್ಟು ಕಲಿಸುತ್ತಿರಲೇಬೇಕು. ಗಂಜಿನಲ್ಲಿ ಒಂದು ಚೀಲಕ್ಕೆ ಹತ್ತು ರೂಪಾಯಿ ಕಡಿಮೆ ಬಂತೆಂದು ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಅರ್ಧ ದಿನ ಜಗಳವಾಡುವ ಮನುಷ್ಯ, ಕಡಿಮೆ ದರ ಹೇಳಿದ್ದಕ್ಕೆ ಮುನಿಸಿಕೊಂಡು ಎದ್ದು ಹೋಗುವ ಜಗತ್ತಿನ ಏಕೈಕ ಅಂಗಡಿ ಇದು.

ಅರವತ್ತು ಸಾವಿರ ಎಂದೇ ಇಟ್ಟುಕೊಂಡು ಲೆಕ್ಕ ಹಾಕೋಣ. ನಮ್ಮ ಕಡೆ ನೆಲ್ಲಿನ ಮಾತು ಕ್ವಿಂಟಲಿನಲ್ಲಿ ನಡೆಯುವುದಿಲ್ಲ, 75 ಕೆಜಿ ಚೀಲದಲ್ಲಿ ನಡೆಯುತ್ತದೆ. 2025-26ರಲ್ಲಿ ಕೇಂದ್ರ ಸರ್ಕಾರ ಎ ದರ್ಜೆಯ ಭತ್ತಕ್ಕೆ ಕ್ವಿಂಟಲಿಗೆ 2,389 ರೂಪಾಯಿ ಬೆಂಬಲ ಬೆಲೆ ಕಟ್ಟಿತು. ಅಂದರೆ ಚೀಲಕ್ಕೆ 1,791 ರೂಪಾಯಿ ಚಿಲ್ಲರೆ. ಅರವತ್ತು ಸಾವಿರಕ್ಕೆ ಹತ್ತಿರ ಹತ್ತಿರ ಮೂವತ್ನಾಲ್ಕು ಚೀಲ. ತುಂಗಭದ್ರಾ ಎಡದಂಡೆಯ ಒಳ್ಳೆಯ ಭೂಮಿ, ಸಕಾಲಕ್ಕೆ ನೀರು, ರೋಗ ಇಲ್ಲ, ಕೊಯ್ಯುವಾಗ ಮಳೆ ಇಲ್ಲ ಎಂದರೆ ಎಕರೆಗೆ ಬರುವುದು ಸುಮಾರು ಅಷ್ಟೇ, ಇನ್ನೊಂದು ಐದಾರು ಚೀಲ ಹೆಚ್ಚು. ಎಂದಮೇಲೆ ಒಂದು ಎಕರೆ ಎಂದರೆ ಒಂದು ಎಲ್‌ಕೆಜಿ. ಬೀಜ, ಗೊಬ್ಬರ, ಎಣ್ಣೆ, ನಾಟಿ, ಕಟಾವು ಮಷಿನ್ನಿನ ಬಾಡಿಗೆ ಇವೆಲ್ಲ ಬೇರೆ ಎಕರೆಯಿಂದ ಬರಬೇಕು. ಬಸ್ಸಿಗೆ ಅರ್ಧ ಎಕರೆ. ಪುಸ್ತಕ, ಬೂಟು, ಎರಡು ನಮೂನೆ ಯೂನಿಫಾರ್ಮು, ಮೂರನೆಯದು ಬುಧವಾರದ್ದು ಎಂದು ಹತ್ತು ಗುಂಟೆ. ಎರಡು ಮಕ್ಕಳಿದ್ದವರು ಲೀಜಿಗೆ ಹೊಲ ಹಿಡಿಯಬೇಕು. ಎಡದಂಡೆ ಕಾಲುವೆಯನ್ನು ಕಟ್ಟಿದವರು ಎಷ್ಟು ಎಕರೆಗೆ ನೀರು ಎಂದು ಲೆಕ್ಕ ಹಾಕಿದರೇ ಹೊರತು ಎಷ್ಟು ಯುಕೆಜಿಗೆ ಎಂದು ಹಾಕಲಿಲ್ಲ. ದೂರದೃಷ್ಟಿ ಸಾಲದು.

ಹೊಳೆಗೂ ಶಾಲೆಗೂ ಕ್ಯಾಲೆಂಡರು ಬೇರೆ. ಫೀ ಜೂನಿನಲ್ಲಿ. ಕಾಲುವೆಗೆ ನೀರು ಬಿಡುವುದು ಜುಲೈ ಆಸುಪಾಸು. ನೆಲ್ಲು ಬರುವುದು ದೀಪಾವಳಿ ದಾಟಿದ ಮೇಲೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟು ಕೊಚ್ಚಿಕೊಂಡು ಹೋದಾಗ ಇಡೀ ಸೀಮೆಯೇ ಎದೆ ಹಿಡಿದುಕೊಂಡು ಕೂತಿತ್ತು. ಮುಂದೆ ಎಲ್ಲ 33 ಗೇಟುಗಳನ್ನೂ ಬದಲಿಸಬೇಕು, ಅದಕ್ಕೆ 2025-26ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂದಾಯಿತು. ಎರಡನೇ ಬೆಳೆ ರದ್ದಾಯಿತು, ಎರಡನೇ ಟರ್ಮು ರದ್ದಾಗಲಿಲ್ಲ. ಶಾಲೆಯಿಂದ ಮೊಬೈಲಿಗೆ ಬಂದ ಸಂದೇಶದಲ್ಲಿ ಗೇಟಿನ ಮಾತು ಇತ್ತು, ಆದರೆ ಅದು ಬೇರೆ ಗೇಟು: ಫೀ ಕಟ್ಟದ ಮಕ್ಕಳನ್ನು ಗೇಟಿನಲ್ಲೇ ನಿಲ್ಲಿಸಲಾಗುವುದು.

ಲಿಂಗಸುಗೂರಿನವರದು ಇನ್ನೊಂದು ದಾರಿ. ಆ ತಾಲ್ಲೂಕಿನ ಹಟ್ಟಿಯಲ್ಲಿ ನೆಲದೊಳಗಿಂದ ಚಿನ್ನ ತೆಗೆಯುತ್ತಾರೆ. ನಿಜಾಮರ ಕಾಲದ ಕೊನೆಗೆ, 1947ರಲ್ಲಿ, ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಶುರುವಾದ ಕಂಪನಿ ಅದು. ಕೋಲಾರದ ಗಣಿ 2001ರಲ್ಲಿ ಮುಚ್ಚಿದರೂ ಹಟ್ಟಿಯದು ಇನ್ನೂ ನಡೆದಿದೆ. ವರ್ಷವಿಡೀ ನೆಲದಿಂದ ತೆಗೆಯುವ ಚಿನ್ನವನ್ನು ಜೂನ್ ತಿಂಗಳಲ್ಲಿ ಅದೇ ತಾಲ್ಲೂಕಿನ ಹೆಂಗಸರ ಕೊರಳಿನಿಂದ ತೆಗೆಯಲಾಗುತ್ತದೆ. ಬಸ್‌ಸ್ಟ್ಯಾಂಡಿನ ಸುತ್ತ ಇರುವ ಗೋಲ್ಡ್ ಲೋನ್ ಅಂಗಡಿಗಳಿಗೆ ಶಾಲೆಯ ಅಡ್ಮಿಷನ್ ತಾರೀಖು ಹೆಡ್‌ಮಾಸ್ತರರಿಗಿಂತ ಮೊದಲೇ ಗೊತ್ತಿರುತ್ತದೆ. 2025ರಲ್ಲಿ ಹತ್ತು ಗ್ರಾಂ ಚಿನ್ನ 1 ಲಕ್ಷ ದಾಟಿದಾಗ ದೇಶವೆಲ್ಲ ಹೌಹಾರಿತು. ಮನೆಯಲ್ಲಿ ಒಂದನೇ ಕ್ಲಾಸಿನ ಕೂಸು ಇದ್ದವರು ಮಾತ್ರ ಒಳಗೊಳಗೇ ಖುಷಿಪಟ್ಟರು. ಅದೇ ಬೋರಮಾಳದ ಮೇಲೆ ಈಗ ಐದನೇ ಕ್ಲಾಸಿನ ತನಕ ಸಾಲ ಹುಟ್ಟುತ್ತದೆ.

ಅಡ್ಮಿಷನ್ ಎಂಬ ಶಾಸ್ತ್ರವನ್ನು ನೋಡಬೇಕು. ಶಿಕ್ಷಣ ಹಕ್ಕು ಕಾಯ್ದೆ 2009ರದು, ಅದರ 13ನೇ ಕಲಮು ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಸೋಸಿ ನೋಡಬಾರದು ಎನ್ನುತ್ತದೆ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ ದಂಡ, ಆಮೇಲಿನ ಪ್ರತಿ ತಪ್ಪಿಗೆ 50,000ದವರೆಗೆ. ಡೊನೇಷನ್ ತೆಗೆದುಕೊಂಡರೆ ಅದರ ಹತ್ತು ಪಟ್ಟಿನವರೆಗೆ ದಂಡ. ಆದ್ದರಿಂದ ನಮ್ಮ ಶಾಲೆಗಳು ಇಂಟರ್‌ವ್ಯೂ ಮಾಡುವುದೇ ಇಲ್ಲ. ‘ಇಂಟರಾಕ್ಷನ್’ ಮಾಡುತ್ತವೆ. ಡೊನೇಷನ್ ತೆಗೆದುಕೊಳ್ಳುವುದೇ ಇಲ್ಲ. ‘ಡೆವಲಪ್‌ಮೆಂಟ್’ ಎನ್ನುತ್ತಾರೆ, ಡೆವಲಪ್ ಆಗುವುದು ಯಾರೆಂದು ರಸೀದಿಯಲ್ಲಿ ಬರೆದಿರುವುದಿಲ್ಲ, ಎಷ್ಟೋ ಸಲ ರಸೀದಿಯೇ ಇರುವುದಿಲ್ಲ. ಇಂಟರಾಕ್ಷನ್ನಿನಲ್ಲಿ ಅಮ್ಮನಿಗೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ. ಜೀವಮಾನವಿಡೀ ಮನೆಯ ಲೆಕ್ಕ, ಹೊಲದ ಲೆಕ್ಕ, ಸಂಘದ ಸಾಲದ ಲೆಕ್ಕ ಬಾಯಲ್ಲೇ ಮಾಡಿದ ಹೆಂಗಸು ಅಲ್ಲಿ ಮೂಕಿಯಾಗಿ ಸೆರಗು ತಿರುವುತ್ತಾಳೆ. ಪ್ರಶ್ನೆ ಕೇಳಿದ ಮೇಡಮ್ಮಿಗೂ ಎರಡನೇ ಪ್ರಶ್ನೆ ಬಾಯಿಪಾಠ ಇಲ್ಲದ್ದರಿಂದ ಇಬ್ಬರ ಮಾನವೂ ಉಳಿಯುತ್ತದೆ.

ಸರ್ಕಾರ ಸುಮ್ಮನೆ ಕೂತಿದೆ ಎನ್ನಬೇಡಿ. ಫೀಗೆ ಮೂಗುದಾರ ಹಾಕಲು ಅದು ಕಾನೂನು ಮಾಡಿತ್ತು. 2023ರ ಜನವರಿಯಲ್ಲಿ ಹೈಕೋರ್ಟು ಅನುದಾನರಹಿತ ಖಾಸಗಿ ಶಾಲೆಗಳ ಮಟ್ಟಿಗೆ ಆ ಕಲಮನ್ನು ರದ್ದು ಮಾಡಿತು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದೂ ಸರ್ಕಾರ ಆದೇಶ ಮಾಡಿತ್ತು. ಜಾರಿಯ ವರ್ಷ ಬಂದಾಗ, 2025ರಲ್ಲಿ, ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಾದರೂ ನಡೆದೀತು ಎಂದಿತು. ಬಾಕಿ ಏಳು ತಿಂಗಳನ್ನು ಮಕ್ಕಳು ಬೇಸಿಗೆ ರಜೆಯಲ್ಲಿ ಬೆಳೆದು ಕೊಡಬೇಕು.

ಇನ್ನು ಇಂಟರ್‌ನ್ಯಾಷನಲ್ ಎಂಬ ಮಾಲಿನೊಳಗೆ ಏನಿದೆ? ಜಗತ್ತಿನಲ್ಲಿ ನಿಜವಾಗಿಯೂ ಆ ಹೆಸರಿನ ವ್ಯವಹಾರ ಇದೆ. ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಎಂಬುದು 1968ರಲ್ಲಿ ಜಿನೀವಾದಲ್ಲಿ ಹುಟ್ಟಿತು. ದೇಶದಿಂದ ದೇಶಕ್ಕೆ ವರ್ಗವಾಗುವ ರಾಯಭಾರಿಗಳ, ವಿಶ್ವಸಂಸ್ಥೆ ನೌಕರರ ಮಕ್ಕಳ ಓದು ಕೆಡಬಾರದೆಂಬ ಉದ್ದೇಶ. ಕೇಂಬ್ರಿಜ್‌ನವರ ಐಜಿಸಿಎಸ್‌ಇ 1988ರದು. ನಮ್ಮ ಹೆದ್ದಾರಿಯ ಬೋರ್ಡಿಗೂ ಈ ಎರಡಕ್ಕೂ ನೆಂಟಸ್ತಿಕೆ ಹುಡುಕಬೇಡಿ. ಇಲ್ಲಿ ವರ್ಗವಾಗಿ ಬರುವವರು ತಹಸೀಲ್ದಾರರು, ಬ್ಯಾಂಕ್ ಮ್ಯಾನೇಜರು, ಸಬ್ ಇನ್‌ಸ್ಪೆಕ್ಟರು. ಬಾಗಿಲ ಮೇಲೆ ಇಂಟರ್‌ನ್ಯಾಷನಲ್, ಒಳಗೆ ಕೇಳಿದರೆ ‘ಸಿಬಿಎಸ್‌ಇ ಪ್ಯಾಟರ್ನ್’, ಕಾಗದ ತೆಗೆಸಿದರೆ ರಾಜ್ಯ ಪಠ್ಯಕ್ರಮದ ಅನುಮತಿ ಎಂಬ ಮೂರು ಅಂತಸ್ತಿನ ಕಟ್ಟಡಗಳೂ ಇವೆ. ಇದು ಹಳ್ಳಿಗರ ಕಣ್ಣಿಗೆ ಮಣ್ಣೆರಚುವ ಆಟ ಎಂದುಕೊಂಡರೆ ತಪ್ಪು. ಬೆಂಗಳೂರಿನಲ್ಲೇ 2023ರ ಆರಂಭದಲ್ಲಿ, ಐದನೇ ಮತ್ತು ಎಂಟನೇ ತರಗತಿಗೆ ರಾಜ್ಯದ ಪಬ್ಲಿಕ್ ಪರೀಕ್ಷೆ ಬಂದ ಗಳಿಗೆಯಲ್ಲಿ, ಸಿಬಿಎಸ್‌ಇ ಎಂದು ನಂಬಿ ಲಕ್ಷ ಕಟ್ಟಿದ್ದ ಸಾಫ್ಟ್‌ವೇರ್ ಅಪ್ಪಂದಿರು ತಮ್ಮ ಮಕ್ಕಳು ರಾಜ್ಯ ಪಠ್ಯಕ್ರಮದವರೆಂದು ತಿಳಿದು ಶಾಲೆಯ ಗೇಟಿನಲ್ಲಿ ಕೂಗಾಡಿದ್ದರು. ದೇಶದ ಪ್ರತಿ ಶಾಲೆಗೂ 11 ಅಂಕಿಯ ಯು-ಡೈಸ್ ಸಂಖ್ಯೆ ಇರುತ್ತದೆ, ಸಿಬಿಎಸ್‌ಇ ಶಾಲೆಯಾದರೆ ಅಫಿಲಿಯೇಷನ್ ಸಂಖ್ಯೆ ಇರುತ್ತದೆ, ಎರಡನ್ನೂ ಮೊಬೈಲಿನಲ್ಲಿಯೇ ನೋಡಬಹುದು. ಟ್ರ್ಯಾಕ್ಟರಿನ ಚಾಸಿ ನಂಬರು ಬೆರಳಿಟ್ಟು ಓದಿಸಿದ ಗೌಡರಿಗೆ ಇಲ್ಲಿ ಕೇಳಲು ಸಂಕೋಚ. ಎಸಿ ರೂಮಿನಲ್ಲಿ ನಂಬರು ಕೇಳಿದರೆ ಹಳ್ಳಿಯವನು ಅಂದುಕೊಂಡಾರು.

ಬಾನೆಟ್ ಎತ್ತಿ ನೋಡಿದ್ದರೆ ಎಂಜಿನ್ನು ಕಾಣುತ್ತಿತ್ತು. ಶಾಲೆಯ ಎಂಜಿನ್ನು ಟೀಚರು. ಡಿಗ್ರಿ ಮುಗಿಸಿ, ಬಿ.ಇಡಿ ಮುಗಿಸಿ, ಮದುವೆಯ ಮಾತು ನಡೆಯುವ ತನಕ ಎಂದು ಕೆಲಸಕ್ಕೆ ಬಂದ ನಮ್ಮದೇ ಊರಿನ ಹುಡುಗಿ. ಟೀಚರಮ್ಮನಿಗಿಂತ ಬಸ್ಸಿನ ಡ್ರೈವರಿಗೆ ಪಗಾರ ಜಾಸ್ತಿ ಇರುವ ಶಾಲೆಗಳಿವೆ, ಮತ್ತು ಇದರಲ್ಲಿ ಅನ್ಯಾಯವೇನೂ ಇಲ್ಲವೆಂದು ಆಡಳಿತ ಮಂಡಳಿ ಲೆಕ್ಕ ಕೊಟ್ಟು ವಿವರಿಸಬಲ್ಲದು. ಹೆವಿ ಲೈಸೆನ್ಸ್ ಇದ್ದವರು ಸಿಗುವುದು ಕಷ್ಟ, ಬಿ.ಇಡಿ ಆದವರು ಬೇಕಾದಷ್ಟು. ಅದೂ ಅಲ್ಲದೆ ಡ್ರೈವರು ತಪ್ಪಿದರೆ ಆ ಸಂಜೆಯೇ ಗೊತ್ತಾಗುತ್ತದೆ. ಟೀಚರು ತಪ್ಪಿದ್ದು ಗೊತ್ತಾಗುವುದು ಹತ್ತು ವರ್ಷಕ್ಕೆ, ಅಷ್ಟೊತ್ತಿಗೆ ಫೀ ಎಲ್ಲ ವಸೂಲಾಗಿರುತ್ತದೆ. ಗೌಡರ ಮಗನಿಗೆ ಇಂಗ್ಲಿಷ್ ಕಲಿಸುವ ಈ ಹುಡುಗಿ ಸರ್ಕಾರಿ ಶಾಲೆಯಲ್ಲಿ ಓದಿದವಳು. ಸಂಜೆ ಮನೆಗೆ ಹೋಗಿ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಾಳೆ. ನೇಮಕವಾದ ದಿನ ಇಂಟರ್‌ನ್ಯಾಷನಲ್ ಬಿಡುತ್ತಾಳೆ, ಕನ್ನಡ ಸಾಲಿ ಸೇರುತ್ತಾಳೆ, ಬಂದ ಪಗಾರದಲ್ಲಿ ತನ್ನ ಕೂಸನ್ನು ಇಂಟರ್‌ನ್ಯಾಷನಲ್ಲಿಗೆ ಹಚ್ಚುತ್ತಾಳೆ.

ಹಾಗಾದರೆ ಗೌಡರು ಒಂದು ಎಕರೆ ಕೊಟ್ಟು ಕೊಂಡದ್ದಾದರೂ ಏನು? ಅವರು ದಡ್ಡರಲ್ಲವೆಂದು ಮೊದಲೇ ಹೇಳಿದೆ. ಕೊಂಡದ್ದು ಪಾಠವನ್ನಲ್ಲ, ಪಕ್ಕದ ಬೆಂಚನ್ನು. ಕನ್ನಡ ಸಾಲಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂಡುವವಳು ತಮ್ಮ ಗದ್ದೆಯಲ್ಲಿ ನಾಟಿ ಹಚ್ಚಿದ ಆಳಿನ ಮಗಳು. ಇಬ್ಬರಿಗೂ ಒಂದೇ ಬಿಸಿಯೂಟ, ಒಂದೇ ತಟ್ಟೆ, ಒಂದೇ ಮೊಟ್ಟೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಹಸಿದ ಮಕ್ಕಳು ಶಾಲೆಗೆ ಬಂದರು. ಹಸಿವಿಲ್ಲದವರು ಎದ್ದು ಹೋಗತೊಡಗಿದರು. ಎದ್ದು ಹೋದಲ್ಲಿಗೂ ಬೆನ್ನು ಹತ್ತಿ ಬರಲು ಶಿಕ್ಷಣ ಹಕ್ಕು ಕಾಯ್ದೆ ಶೇ 25 ಸೀಟು ಇಟ್ಟಿತ್ತು. ಕೆಲವು ವರ್ಷ ಆಳಿನ ಮಗಳೂ ಟೈ ಕಟ್ಟಿಕೊಂಡು ಬಂದಳು. 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ ಎಂದಿತು. ಸರ್ಕಾರಿ ಶಾಲೆಗಳನ್ನು ಉಳಿಸಲಿಕ್ಕೆಂದು ಹೇಳಲಾಯಿತು. ಸರ್ಕಾರಿ ಶಾಲೆಗಳು ಎಷ್ಟು ಉಳಿದವೋ, ಗೌಡರ ಮಗನ ಬೆಂಚಂತೂ ಉಳಿಯಿತು. ಈಗ ಅವನ ಪಕ್ಕದಲ್ಲಿ ಕೂಡುವವನು ಗೊಬ್ಬರದ ಅಂಗಡಿಯವನ ಮಗ, ಆಚೆ ಪಕ್ಕಕ್ಕೆ ಗುತ್ತಿಗೆದಾರನ ಮಗಳು. ಇಷ್ಟು ಕಿರಿದಾದ ಜಗತ್ತಿಗೆ ಇಂಟರ್‌ನ್ಯಾಷನಲ್ ಎಂದು ಹೆಸರಿಡಲು ಧೈರ್ಯ ಬೇಕು.

ಹೆಸರಿನ ಮಾತು ಬಂದದ್ದರಿಂದ ಮಸ್ಕಿಗೆ ಹೋಗಿ ಬರಬೇಕು. ಈ ಸೀಮೆಯ ಅತ್ಯಂತ ಹಳೆಯ ಬೋರ್ಡು ಇರುವುದು ಅಲ್ಲಿ, ಗುಡ್ಡದ ಕಲ್ಲಿನ ಮೇಲೆ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಚಿನ್ನದ ಬದಲು ಅಶೋಕ ಸಿಕ್ಕ. ಅಲ್ಲಿಯವರೆಗೆ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕರೆದುಕೊಂಡಿದ್ದ ದೊರೆ ಯಾರೆಂಬ ಗುಮಾನಿ ಇಲ್ಲಿ ಹೆಸರಿನ ಸಮೇತ ಬಗೆಹರಿಯಿತು. ಊರವರಿಗೆ ತಿಳಿಯದ ಭಾಷೆಯಲ್ಲಿ ಬೋರ್ಡು ಹಾಕುವ ಪದ್ಧತಿಯನ್ನು ಮಸ್ಕಿಗೆ ತಂದವನು ಅವನೇ, ಕಲ್ಲಿನ ಮೇಲಿರುವುದು ಪ್ರಾಕೃತ. ಅಷ್ಟರಮಟ್ಟಿಗೆ ಅವನು ನಮ್ಮ ಶಾಲಾ ಸಂಸ್ಥಾಪಕರ ಮೂಲಪುರುಷ. ಆದರೆ ವ್ಯಾಪಾರ ತಿಳಿಯದವನು. ಈ ದಾರಿಯ ಫಲ ದೊಡ್ಡವರಿಗೆ ಮಾತ್ರ ದಕ್ಕುವುದೆಂದು ಬಗೆಯಬೇಡಿ, ಸಣ್ಣವರಿಗೂ ದಕ್ಕುತ್ತದೆ, ಇದನ್ನು ಇಬ್ಬರಿಗೂ ತಿಳಿಸಿ ಎಂಬ ಅರ್ಥದ ಮಾತು ಕೆತ್ತಿಸಿಟ್ಟು ಹೋಗಿದ್ದಾನೆ. ಫೀ ಎಷ್ಟೆಂದು ಬರೆದಿಲ್ಲ. ಕಂತಿನ ಸೌಲಭ್ಯ ಕೂಡ ಇಲ್ಲ. ಇಂಥ ಪ್ರಾಸ್ಪೆಕ್ಟಸ್ ನೋಡಿ ಯಾರು ಅಡ್ಮಿಷನ್ ಮಾಡಿಸುತ್ತಾರೆ? ಶಾಲೆಗಳೂ ಮಕ್ಕಳನ್ನು ಟೂರಿಗೆ ಹೈದರಾಬಾದಿನ ಫಿಲ್ಮ್ ಸಿಟಿಗೆ ಕರೆದೊಯ್ಯುತ್ತವೆ. ಬಸ್ಸು ಮಸ್ಕಿ ದಾಟುವುದು ಬೆಳಗಿನ ನಸುಕಿನಲ್ಲಿ, ಮಕ್ಕಳು ನಿದ್ದೆಯಲ್ಲಿರುತ್ತಾರೆ.

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು 5ಎ ಕಾಲುವೆಗಾಗಿ ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಕಾಲುವೆ ಕಾಣದ ಹಳ್ಳಿಗೂ ಹಳದಿ ಬಸ್ಸು ಬರುತ್ತದೆ. ಯಾರೂ ಅದಕ್ಕಾಗಿ ಧರಣಿ ಮಾಡಿರಲಿಲ್ಲ.

ಇಷ್ಟೆಲ್ಲ ಆಗಿ ಹುಡುಗ ನಾಲ್ಕನೇ ಕ್ಲಾಸಿಗೆ ಬಂದಾಗ ಗೌಡರಿಗೆ ಒಂದು ಸತ್ಯ ಹೊಳೆಯುತ್ತದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಜವಾಹರ ನವೋದಯ ವಿದ್ಯಾಲಯ ಇದೆ. ಪಕ್ಕಾ ಸಿಬಿಎಸ್‌ಇ, ವಸತಿ, ಊಟ, ಪುಸ್ತಕ ಎಲ್ಲ ಸರ್ಕಾರದ್ದು. ಆರನೇ ಕ್ಲಾಸಿಗೆ ಪರೀಕ್ಷೆ ಬರೆದು ಸೇರಬೇಕು. ಒಂಬತ್ತನೇ ಕ್ಲಾಸಿನಲ್ಲಿ ಇಲ್ಲಿನ ಕೆಲವರು ಹಿಂದಿ ಸೀಮೆಯ ನವೋದಯಕ್ಕೂ ಅಲ್ಲಿನವರು ಇಲ್ಲಿಗೂ ಬಂದು ಓದುತ್ತಾರೆ. ಇಂಟರ್‌ನ್ಯಾಷನಲ್ ಅಲ್ಲದಿದ್ದರೂ ನ್ಯಾಷನಲ್ ಎಂಬುದಂತೂ ಖಾತ್ರಿ. ಪುಕ್ಕಟೆ ಎಂಬ ಕಳಂಕ ಒಂದಿದೆ, ಆದರೆ ಅದನ್ನು ತೊಳೆಯಲು ಊರೂರಿಗೆ ನವೋದಯ ಕೋಚಿಂಗ್ ಸೆಂಟರುಗಳು ಹುಟ್ಟಿಕೊಂಡಿವೆ. ದುಡ್ಡು ಕೊಟ್ಟು ಸೇರಿಸಿದ ಶಾಲೆಯಿಂದ ಬಿಡಿಸಿ, ದುಡ್ಡು ಕೊಟ್ಟು ಕೋಚಿಂಗ್ ಕೊಡಿಸಿ, ದುಡ್ಡು ಬೇಡದ ಶಾಲೆಗೆ ಸೇರಿಸುವ ಈ ಪ್ರಯತ್ನದಲ್ಲಿ ಒಂದು ಸಣ್ಣ ತೊಡಕು: ಶೇ 75 ಸೀಟು ಹಳ್ಳಿಯ ಮಕ್ಕಳಿಗೆ, ಮೂರು, ನಾಲ್ಕು, ಐದನೇ ತರಗತಿ ಗ್ರಾಮೀಣ ಶಾಲೆಯಲ್ಲಿ ಓದಿರಬೇಕು.

ತೊಡಕೇ ಅಲ್ಲ ಅದು. ನಮ್ಮ ಇಂಟರ್‌ನ್ಯಾಷನಲ್‌ಗಳು ಎದ್ದಿರುವುದು ಊರ ಹೊರಗೆ, ಹೆದ್ದಾರಿಯ ಪಕ್ಕದ ಎಕರೆಗಟ್ಟಲೆ ಹೊಲದಲ್ಲಿ. ನಗರಸಭೆಯ ಹದ್ದು ಮುಗಿದು ಗ್ರಾಮ ಪಂಚಾಯಿತಿಯ ಹದ್ದು ಶುರುವಾಗುವಲ್ಲಿ ಗ್ಲೋಬು ನಿಂತಿರುತ್ತದೆ. ಕಾಗದದ ಪ್ರಕಾರ ಅಪ್ಪಟ ಹಳ್ಳಿ ಸಾಲಿ.

ನವೋದಯ ಸಿಗದವರಿಗೆ ಈ ಗುಣದ ಪೂರಾ ಬೆಲೆ ಗೊತ್ತಾಗುವುದು ಸಿಇಟಿ ಹೊತ್ತಿಗೆ. ಗ್ರಾಮೀಣ ಕೋಟಾ ಶೇ 15, ಅದಕ್ಕೆ ಒಂದರಿಂದ ಹತ್ತು ಹಳ್ಳಿಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮಕ್ಕೆ ಶೇ 5. ಅದು ಹೋಯಿತು, ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದ ರಸೀದಿ ಮಾತ್ರ ಮನೆಯಲ್ಲಿದೆ. ಮಿಕ್ಕಿದ್ದು ಸಂವಿಧಾನದ 371(ಜೆ) ಕಲಮು. ಕಲ್ಯಾಣ ಕರ್ನಾಟಕದವರೆಂದು ತೋರಿಸಿದರೆ ಈ ಭಾಗದ ಕಾಲೇಜುಗಳಲ್ಲಿ ಶೇ 70, ಬೇರೆ ಕಡೆ ಶೇ 8 ಸೀಟು. ನೀಟ್‌ನಲ್ಲಿ ಹುಡುಗನ ಅಂಕ ನೋಡಿದ ಮೇಲೆ ಗೌಡರಿಗೆ ಜಗತ್ತಿನ ಎಲ್ಲ ಊರುಗಳಿಗಿಂತ ಸ್ವಂತ ಊರೇ ಲೇಸೆನಿಸುತ್ತದೆ. ಬಿಇಒ ಕಚೇರಿಯಲ್ಲಿ ಗ್ರಾಮೀಣ ಪ್ರಮಾಣಪತ್ರಕ್ಕೆ ಮೇಲುಸಹಿ ಆಯಿತು. ಸ್ಥಳೀಯನೆಂಬ ಪ್ರಮಾಣಪತ್ರಕ್ಕೆ ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಗೆ ಹೋಗಬೇಕು. ಅಲ್ಲಿ ಸಾಲು ಉದ್ದ. ಸಾಲಿನಲ್ಲಿ ನಿಂತ ಹುಡುಗರಲ್ಲಿ ಅರ್ಧ ಜನರ ಟಿಸಿಯ ಮೇಲೆ ಗ್ಲೋಬಿನ ಚಿತ್ರ.

ಗುಮಾಸ್ತರು ಅರ್ಜಿ ತಿರುವಿ ಹಾಕಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.

“ಇದೇನ್ರೀ ಗೌಡ್ರ, ಸಾಲಿ ಹೆಸರು ಇಂಟರ್‌ನ್ಯಾಷನಲ್ ಅಂತ ಐತಿ. ಹುಡುಗ ಇಲ್ಲಿಯವ ಹೌದೋ ಅಲ್ಲೋ?”

“ಅಯ್ಯ, ಅದು ಬೋರ್ಡಿಗೆ ಅಷ್ಟೇ ರೀ ಸಾಹೇಬ್ರ,” ಎಂದರು ಗೌಡರು. “ನಾವು ಇಲ್ಲಿಯವರೇ. ನಮ್ಮ ಮುತ್ತ್ಯಾನ ಕಾಲದಿಂದ ಎಲ್ಲಿಗೂ ಹೋಗಿಲ್ಲ.”